ಪಕ್ಕದ ಮನೆ ಅಜ್ಜಿಯ ಚೆಕ್ಕು, ಟೀವಿ ಪಾದ್ರಿಯ ವಿಮಾನ

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಪ್ಲೇನೊದಲ್ಲಿ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಮೆರಿಕನ್ ಅಜ್ಜಿ ಒಬ್ಬರೇ ಇದ್ದಾರೆ. ನನ್ನ ಮಗಳಿಗೆ ಪೈ ಮಾಡಿ ಕೊಡುವಷ್ಟು ಹತ್ತಿರದವರು. ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ಹಣದಲ್ಲೇ ಅವರ ಜೀವನ. ಅದರಲ್ಲೂ ಪ್ರತಿ ತಿಂಗಳು ಟೀವಿಯ ಒಬ್ಬ ಪಾದ್ರಿಗೆ ಚೆಕ್ ಕಳಿಸುತ್ತಾರೆ. ಆ ಪಾದ್ರಿ ಓಡಾಡುವುದು ಸ್ವಂತ ಜೆಟ್‌ನಲ್ಲಿ. ಇಂಥವರು ತಾವು ಹೇಳಿದ್ದನ್ನು ನಿಜವಾಗಿ ನಂಬುತ್ತಾರಾ, ಇಲ್ಲಾ ಗೊತ್ತಿದ್ದೂ ಟೋಪಿ ಹಾಕುತ್ತಾರಾ? ನಾನು ಅಜ್ಜಿಗೆ ಏನಾದರೂ ಹೇಳಬೇಕಾ?

ಉತ್ತರ: ನಾನು ಉತ್ತರ ಕರೋಲಿನಾದ ಷಾರ್ಲಟ್‌ನಲ್ಲಿ ಇಪ್ಪತ್ತಾರು ವರ್ಷದಿಂದ ಲೆಕ್ಕಪತ್ರ ನೋಡಿಕೊಂಡು ಬದುಕುತ್ತಿರುವ ಸಿಪಿಎ. ಲಾಭಕ್ಕಲ್ಲದ ಸಂಸ್ಥೆಗಳ ಆಡಿಟ್ ನನ್ನ ಕೆಲಸ. ಚರ್ಚುಗಳು, ಅನ್ನ ಹಂಚುವ ಸಂಸ್ಥೆಗಳು, ಒಂದೆರಡು ನಮ್ಮ ದೇವಸ್ಥಾನಗಳು ಎಲ್ಲವನ್ನೂ ನೋಡಿದ್ದೇನೆ. ಎದೆಯೊಳಗೆ ನಂಬಿಕೆ ಎಷ್ಟಿದೆ ಎಂದು ತುಂಬಿಸುವ ಕಾಲಂ ನಮ್ಮ ಯಾವ ಫಾರ್ಮ್‌ನಲ್ಲೂ ಇಲ್ಲ. ಆದರೂ ಕೇಳಿದಿರಿ ಎಂದು ಹೇಳುತ್ತೇನೆ: ನನ್ನ ಅಂದಾಜಿನಲ್ಲಿ ಇವರಲ್ಲಿ ಬಹುಪಾಲು ಜನ ನಂಬುವವರೇ. ಅದರಿಂದ ನಿಮ್ಮ ಅಜ್ಜಿಯ ಚೆಕ್‌ಬುಕ್ಕಿಗೆ ಕಾಸಿನ ಉಪಯೋಗವೂ ಇಲ್ಲ.

ಶುದ್ಧ ಕಳ್ಳರು ಇಲ್ಲ ಎಂದಲ್ಲ. 1986ರಲ್ಲಿ ಪೀಟರ್ ಪೊಪಾಫ್ ಎಂಬಾತ ಸಿಕ್ಕಿಬಿದ್ದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಸಭೆಯಲ್ಲಿ ಕೂತ ಅಪರಿಚಿತರ ಹೆಸರು, ಮನೆ ವಿಳಾಸ, ಕಾಯಿಲೆ ಎಲ್ಲವನ್ನೂ ಈತ ದೇವರೇ ಕಿವಿಯಲ್ಲಿ ಹೇಳಿದಂತೆ ಪಟಪಟ ಹೇಳುತ್ತಿದ್ದ. ಕಿವಿಯಲ್ಲಿ ಯಾರೋ ಹೇಳುತ್ತಿದ್ದದ್ದು ನಿಜ. ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರನ ತಂಡ ರೇಡಿಯೋ ಸ್ಕ್ಯಾನರ್ ಇಟ್ಟುಕೊಂಡು ಕೂತಾಗ 39.17 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದ ದನಿ ಪೊಪಾಫ್‌ನ ಹೆಂಡತಿಯದು. ಭಕ್ತರು ಮೊದಲೇ ಬರೆದುಕೊಟ್ಟ ಪ್ರಾರ್ಥನೆ ಚೀಟಿಗಳನ್ನು ಆಕೆ ಹಿಂದುಗಡೆ ಕೂತು ಓದಿ ಹೇಳುತ್ತಿದ್ದಳು. ಜಾನಿ ಕಾರ್ಸನ್‌ನ ರಾತ್ರಿ ಟೀವಿ ಕಾರ್ಯಕ್ರಮದಲ್ಲಿ ಇಡೀ ದೇಶ ಆ ಟೇಪು ನೋಡಿತು. ಮರುವರ್ಷ ಆತ ದಿವಾಳಿ ಅರ್ಜಿ ಹಾಕಿದ. ಆಮೇಲೆ ಏನಾಯಿತು ಎನ್ನುತ್ತೀರಾ? ಕೆಲವು ವರ್ಷ ಬಿಟ್ಟು ‘ಪವಾಡದ ಊಟೆ ನೀರಿನ’ ಪ್ಯಾಕೆಟ್ ಹಿಡಿದುಕೊಂಡು ಟೀವಿಗೆ ವಾಪಸ್ ಬಂದ.

ಇನ್ನೊಬ್ಬ ಮಾರ್ಜೋ ಗೋರ್ಟ್ನರ್. ನಾಲ್ಕನೇ ವಯಸ್ಸಿಗೇ ಅಪ್ಪ ಅಮ್ಮ ಪಾದ್ರಿ ವೇಷ ತೊಡಿಸಿ ಆ ಮಗುವಿನ ಕೈಲಿ ಬೇರೆಯವರ ಮದುವೆ ಮಾಡಿಸಿದರು. ದೊಡ್ಡವನಾದ ಮೇಲೆ ನಂಬಿಕೆ ಒಂದು ಚೂರೂ ಇಲ್ಲದೆ ಅದೇ ವೃತ್ತಿ ಮುಂದುವರಿಸಿದ. ಕಡೆಗೆ ತಾನೇ ಕ್ಯಾಮೆರಾದವರನ್ನು ಕರೆತಂದು, ಸಭೆ ಮುಗಿಸಿ ಬಂದು ಹಾಸಿಗೆ ಮೇಲೆ ನೋಟು ಎಣಿಸುವುದನ್ನೂ ತೋರಿಸಿದ. ಆ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಮಾರ್ಜೋನಿಂದ ನಾನು ಕಲಿತದ್ದು ಬೇರೆ. ನಂಬದವನಿಗೆ ಈ ಕೆಲಸ ಬಹಳ ದಿನ ಮಾಡಲು ಆಗುವುದಿಲ್ಲ, ಒಳಗೆ ಏನೋ ಕೊರೆಯುತ್ತದೆ. ನಲವತ್ತು ವರ್ಷ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿಕೊಂಡು ದುಡ್ಡು ಕೇಳುವವನು ಹೆಚ್ಚಾಗಿ ತನ್ನ ಮಾತನ್ನು ತಾನೇ ನಂಬಿದವನಾಗಿರುತ್ತಾನೆ.

ವಿಮಾನ ಇಟ್ಟುಕೊಂಡು ಹೇಗೆ ನಂಬುತ್ತಾನೆ ಎಂಬುದು ನಿಮ್ಮ ತೊಡಕು. ನಮ್ಮ ಕಡೆಯ ಕಣ್ಣಿಗೆ ಸಂನ್ಯಾಸಿ ಎಂದರೆ ಬಿಟ್ಟವನು. ಸ್ವಾಮಿಗಳು ಐಷಾರಾಮಿ ಕಾರಿನಲ್ಲಿ ಬಂದರೆ ಭಕ್ತರಿಗೂ ಸ್ವಲ್ಪ ಮುಜುಗರ, ‘ಯಾರೋ ಭಕ್ತರು ಕೊಟ್ಟಿದ್ದಂತೆ’ ಎಂದು ಸಮಜಾಯಿಷಿ ಬರುತ್ತದೆ. ಇಲ್ಲಿಯ ‘ಸಮೃದ್ಧಿಯ ಸುವಾರ್ತೆ’ಯಲ್ಲಿ ಆ ಮುಜುಗರವೇ ಇಲ್ಲ. ಯೇಸುವನ್ನು ಸರಿಯಾಗಿ ನಂಬಿದವನಿಗೆ ಆರೋಗ್ಯ, ಐಶ್ವರ್ಯ ಎರಡೂ ಹಕ್ಕಿನಂತೆ ಬರುತ್ತವೆ ಎಂಬುದು ಸಿದ್ಧಾಂತ. ಹಾಗಿದ್ದ ಮೇಲೆ ಬಡ ಪಾದ್ರಿಯನ್ನು ಯಾರು ನಂಬುತ್ತಾರೆ? ವಿಮಾನವೇ ಅವನ ಸಾಕ್ಷಿ. 2015ರಲ್ಲಿ ಜಾರ್ಜಿಯಾದ ಕ್ರೆಫ್ಲೋ ಡಾಲರ್ (ಹೌದು, ಹುಟ್ಟಿನಿಂದಲೇ ಅದು ಅವರ ಹೆಸರು) ಸುಮಾರು 6.5 ಕೋಟಿ ಡಾಲರಿನ ಗಲ್ಫ್‌ಸ್ಟ್ರೀಮ್ ವಿಮಾನಕ್ಕೆ ಎರಡು ಲಕ್ಷ ಜನ ತಲಾ 300 ಡಾಲರ್ ಕೊಡಿ ಎಂದು ಕೇಳಿದರು. 2018ರಲ್ಲಿ ಲೂಯಿಸಿಯಾನಾದ ಜೆಸ್ಸಿ ಡುಪ್ಲಾಂಟಿಸ್ 5.4 ಕೋಟಿಯ ಫಾಲ್ಕನ್ ಜೆಟ್ ಬೇಕೆಂದರು. ನಿಮ್ಮ ಟೆಕ್ಸಾಸಿನವರೇ ಆದ ಕೆನೆತ್ ಕೋಪ್ಲೆಂಡ್, ಸಾಮಾನ್ಯ ವಿಮಾನದಲ್ಲಿ ಹೋಗುವುದೆಂದರೆ ದೆವ್ವಗಳು ತುಂಬಿದ ಕೊಳವೆಯೊಳಗೆ ಕೂತಂತೆ ಎಂದದ್ದು ಎಷ್ಟು ಹರಡಿತೆಂದರೆ ಆಮೇಲೆ ಕ್ಯಾಮೆರಾ ಮುಂದೆ ಅದಕ್ಕೆ ವಿವರಣೆ ಕೊಡಬೇಕಾಯಿತು.

ಈ ಸಿದ್ಧಾಂತದ ಎಂಜಿನ್ ಇರುವುದು ‘ಬೀಜ’ ಎಂಬ ಮಾತಿನಲ್ಲಿ. ಒಕ್ಲಹೋಮದ ಓರಲ್ ರಾಬರ್ಟ್ಸ್ ಇದನ್ನು ಮನೆಮಾತು ಮಾಡಿದವರು. ಕಾಣಿಕೆ ಕೊಟ್ಟರೆ ಬೀಜ ಬಿತ್ತಿದಂತೆ, ಫಸಲು ಮೂವತ್ತು ಪಟ್ಟು, ಅರವತ್ತು ಪಟ್ಟು, ನೂರು ಪಟ್ಟು ಬರುತ್ತದೆ. ನಮ್ಮ ಹರಕೆಯ ಜತೆ ಇಟ್ಟು ನೋಡಿ, ವ್ಯತ್ಯಾಸ ತಟ್ಟನೆ ಕಾಣುತ್ತದೆ. ನಮ್ಮಜ್ಜಿ ಮಗುವಿನ ಜ್ವರ ಇಳಿದರೆ ಹಣ್ಣುಕಾಯಿ ಮಾಡಿಸುತ್ತೇನೆ ಎಂದು ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಮುಡಿಪು ಕಟ್ಟಿ ಗೂಡಿನಲ್ಲಿ ಇಡುತ್ತಿದ್ದಳು. ಜ್ವರ ಇಳಿಯುವವರೆಗೆ ಆ ರೂಪಾಯಿ ಮನೆಯಲ್ಲೇ. ಕೆಲಸ ಆದ ಮೇಲೆ ಕಾಣಿಕೆ, ಇದು ನಮ್ಮ ಕರಾರು. ಬೀಜದ ಕರಾರಿನಲ್ಲಿ ದುಡ್ಡು ಮುಂಗಡ. ಫಸಲು ಬರದಿದ್ದರೆ ಬೀಜದ ದೋಷವಲ್ಲ, ಬಿತ್ತಿದವನ ದೋಷ: ನಿನ್ನ ನಂಬಿಕೆ ಸಾಲದು, ಇನ್ನೊಂದು ಬೀಜ ಹಾಕು. ಸೋತರೂ ದುಡ್ಡು ಒಂದೇ ಕಡೆ ಹರಿಯುವ ಏರ್ಪಾಡು ಇದು. ತಮಾಷೆ ಎಂದರೆ ರಾಬರ್ಟ್ಸ್ 1950ರ ದಶಕದಲ್ಲಿ ಇದನ್ನು ಮೊದಲು ಶುರು ಮಾಡಿದಾಗ ಗ್ಯಾರಂಟಿ ಇತ್ತು. ವರ್ಷದೊಳಗೆ ದೇವರು ಬೇರೆ ದಾರಿಯಿಂದ ವಾಪಸ್ ಕೊಡದಿದ್ದರೆ ನಿಮ್ಮ ದುಡ್ಡು ನಾನೇ ಮರಳಿಸುತ್ತೇನೆ ಎಂದಿದ್ದರು. ಮುಂದೆ ಬಂದವರು ಬೀಜ ಇಟ್ಟುಕೊಂಡರು, ಗ್ಯಾರಂಟಿ ಕೈಬಿಟ್ಟರು.

ಪಾದ್ರಿಯ ಕಡೆಯಿಂದ ಒಮ್ಮೆ ನೋಡಿ. ಅವನು ಬಿತ್ತಿದ್ದಕ್ಕೆಲ್ಲ ಫಸಲು ಬರುತ್ತಲೇ ಇದೆ, ಟಪಾಲಿನಲ್ಲಿ, ದಿನವೂ. ಸಿದ್ಧಾಂತ ಸುಳ್ಳು ಎಂದು ಅವನಿಗೆ ಅನ್ನಿಸಬೇಕಾದರೂ ಹೇಗೆ?

ಹಾಗಾಗಿ ‘ನಂಬುತ್ತಾರಾ’ ಎಂಬ ಪ್ರಶ್ನೆಯಿಂದ ಎಲ್ಲಿಗೂ ಹೋಗಲಾಗುವುದಿಲ್ಲ. ಇದು ನನ್ನ ಸ್ವಂತ ಮಾತಲ್ಲ. ನಿಮ್ಮ ಪ್ರಶ್ನೆಯೇ 1944ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ‘ಐ ಆ್ಯಮ್’ ಎಂಬ ಪಂಥ ಕಟ್ಟಿದ ಗೈ ಬಲ್ಲಾರ್ಡ್ ವಾಸಿಯಾಗದ ಕಾಯಿಲೆ ವಾಸಿ ಮಾಡುವ ಶಕ್ತಿ ತಮ್ಮ ಮನೆಯವರಿಗಿದೆ ಎಂದು ಹೇಳಿ ಅಂಚೆ ಮೂಲಕ ಹಣ ತರಿಸಿದ್ದರು. ಅವರು ತೀರಿಕೊಂಡ ಮೇಲೆ ಹೆಂಡತಿ, ಮಗನ ಮೇಲೆ ವಂಚನೆ ಮೊಕದ್ದಮೆ. ಬಹುಮತದ ತೀರ್ಪು ಹೇಳಿದ್ದು ಇಷ್ಟು: ಅವರು ಹೇಳಿದ್ದು ನಿಜವೋ ಸುಳ್ಳೋ ಎಂದು ಜ್ಯೂರಿ (ಅಪರಾಧ ತೀರ್ಮಾನಿಸಲು ಕೂರಿಸುವ ಸಾಮಾನ್ಯ ಜನರ ಗುಂಪು) ತೀರ್ಮಾನಿಸುವಂತಿಲ್ಲ, ಧರ್ಮದ ಸತ್ಯಾಸತ್ಯ ಕೋರ್ಟಿನ ಕೆಲಸವಲ್ಲ, ಪ್ರಾಮಾಣಿಕವಾಗಿ ನಂಬಿದ್ದರೋ ಇಲ್ಲವೋ ಎಂಬುದನ್ನು ಮಾತ್ರ ನೋಡಬಹುದು.

ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಇದಕ್ಕೂ ಒಪ್ಪಲಿಲ್ಲ. (ಮರುವರ್ಷ ನ್ಯೂರೆಂಬರ್ಗ್‌ನಲ್ಲಿ ನಾಜಿಗಳ ವಿರುದ್ಧ ವಾದಿಸಲು ಹೋದವರು ಇವರೇ.) ನಂಬಲಾಗದ್ದನ್ನು ಒಬ್ಬ ನಂಬಿದ್ದಾನೆ ಎಂದು ಅದನ್ನು ನಂಬದ ಜ್ಯೂರಿಯ ಹನ್ನೆರಡು ಜನ ಹೇಗೆ ಒಪ್ಪುತ್ತಾರೆ ಎಂಬುದು ಅವರ ತಕರಾರು. ಧರ್ಮದ ಸ್ವಾತಂತ್ರ್ಯ ಬೇಕೆಂದರೆ ಒಂದಷ್ಟು ಕಸವನ್ನೂ ಸಹಿಸಿಕೊಳ್ಳಬೇಕು, ಅದಕ್ಕೆ ಬೆಲೆಯನ್ನೂ ತೆರಬೇಕು ಎಂದರು. ಆದರೆ ಹಾಗೆಂದು ಪಾದ್ರಿಗಳಿಗೆ ಪೂರ್ತಿ ಬಿಡುಗಡೆ ಕೊಡಲಿಲ್ಲ. ಚರ್ಚ್ ಕಟ್ಟುತ್ತೇನೆಂದು ದುಡ್ಡು ತೆಗೆದುಕೊಂಡು ಸ್ವಂತಕ್ಕೆ ಬಳಸಿದರೆ ಅದು ನಂಬಿಕೆಯ ವಿಷಯವಲ್ಲ, ಶುದ್ಧ ವಂಚನೆ, ಅಂಥವರನ್ನು ಶಿಕ್ಷಿಸಲು ಅಡ್ಡಿಯಿಲ್ಲ ಎಂದು ಗೆರೆ ಎಳೆದರು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಅದಕ್ಕಿಂತ ಉಪಯೋಗಕ್ಕೆ ಬರುವ ಗೆರೆ ಸಿಕ್ಕಿಲ್ಲ.

ಆ ಗೆರೆ ಎಷ್ಟು ಗಟ್ಟಿ ಎಂದು ಪರೀಕ್ಷೆಯಾದದ್ದು ಇದೇ ನಮ್ಮೂರಿನಲ್ಲಿ. ಷಾರ್ಲಟ್‌ನಿಂದ ದಕ್ಷಿಣಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಫೋರ್ಟ್ ಮಿಲ್ ಎಂಬ ಊರು. ಈಗ ಅಲ್ಲಿ ಕನ್ನಡದ ಮನೆಗಳು ಎಷ್ಟೋ ಇವೆ. 1980ರ ದಶಕದಲ್ಲಿ ಅಲ್ಲಿ 2,300 ಎಕರೆಯಲ್ಲಿ ಜಿಮ್ ಬೇಕರ್ ಎಂಬ ಟೀವಿ ಪಾದ್ರಿ ‘ಹೆರಿಟೇಜ್ ಯುಎಸ್ಎ’ ಎಂಬ ಕ್ರೈಸ್ತ ವಿಹಾರಧಾಮ ಕಟ್ಟಿಸಿದ್ದ. ವಾಟರ್ ಪಾರ್ಕು, ಹೋಟೆಲು, ಅಂಗಡಿ ಬೀದಿ. 1986ರಲ್ಲಿ ಸುಮಾರು 60 ಲಕ್ಷ ಜನ ಬಂದರಂತೆ; ಡಿಸ್ನಿಯ ಎರಡು ಪಾರ್ಕು ಬಿಟ್ಟರೆ ದೇಶದಲ್ಲೇ ಮುಂದು. ಯೋಜನೆ ಹೀಗಿತ್ತು: ಒಮ್ಮೆ 1,000 ಡಾಲರ್ ಕೊಟ್ಟು ‘ಆಜೀವ ಪಾಲುದಾರ’ ಆಗಿ, ಪ್ರತಿವರ್ಷ ನಾಲ್ಕು ದಿನ ಮೂರು ರಾತ್ರಿ ಗ್ರ್ಯಾಂಡ್ ಹೋಟೆಲಿನಲ್ಲಿ ಬಿಟ್ಟಿ ಇರಿ. 25,000 ಜನರಿಗೆ ಮಾರಿ ನಿಲ್ಲಿಸುತ್ತೇನೆಂದು ಟೀವಿಯಲ್ಲಿ ಮಾತು ಕೊಟ್ಟ.

ಮಾರಿದ್ದು 66 ಸಾವಿರಕ್ಕೂ ಹೆಚ್ಚು. ಕೋಣೆ ಇದ್ದದ್ದು ಸುಮಾರು ಐನೂರು. ಆಮೇಲೆ ‘ಟವರ್ಸ್’ ಎಂಬ ಇನ್ನೊಂದು ಹೋಟೆಲಿನ ಪಾಲು ಮಾರಿದ. ಆ ಹೋಟೆಲು ಮುಗಿಯಲೇ ಇಲ್ಲ. ಅರ್ಧಕ್ಕೆ ನಿಂತ ಆ ಗೋಪುರ ಕಿಟಕಿಗಳು ಖಾಲಿಯಾಗಿ ದಶಕಗಳ ಕಾಲ ಹಾಗೇ ನಿಂತಿತ್ತು. ಹೊಸದಾಗಿ ಈ ಕಡೆ ಬಂದ ನೆಂಟರನ್ನು ನಾನು ಅಲ್ಲಿಗೆ ಕರೆದೊಯ್ದದ್ದುಂಟು. ಬೇರೆ ಏನು ತೋರಿಸುವುದಿದೆ ನಮ್ಮೂರಲ್ಲಿ.

ಒಟ್ಟು ಸಂಗ್ರಹ ಕಡಿಮೆಯೆಂದರೂ 15.8 ಕೋಟಿ ಡಾಲರ್ ಎಂದು ಕೋರ್ಟಿನ ದಾಖಲೆ. ಅದರಲ್ಲಿ ಸುಮಾರು 37 ಲಕ್ಷ ಸ್ವಂತ ಸುಖಕ್ಕೆ ಹೋಯಿತು ಎಂಬುದು ಸರ್ಕಾರದ ವಾದ. ಎಲ್ಲರೂ ನೆನಪಿಟ್ಟುಕೊಂಡದ್ದು ನಾಯಿಮನೆಗೆ ಹಾಕಿಸಿದ ಏರ್ ಕಂಡೀಷನರ್. 1989ರಲ್ಲಿ 24 ಆರೋಪಗಳಲ್ಲೂ ತಪ್ಪಿತಸ್ಥ, 45 ವರ್ಷ ಶಿಕ್ಷೆ. ಧರ್ಮ ಇರುವ ನಮ್ಮಂಥವರಿಗೆ ದುಡ್ಡುಬಾಕ ಪಾದ್ರಿಗಳಿಂದ ಮೋಸ ಹೋಗಿ ಸಾಕಾಗಿದೆ ಎಂಬರ್ಥದಲ್ಲಿ ನ್ಯಾಯಾಧೀಶರು ಬಾಯಿಬಿಟ್ಟು ಹೇಳಿದ್ದರಿಂದ ಮೇಲಿನ ಕೋರ್ಟು ಶಿಕ್ಷೆಯ ಪ್ರಮಾಣವನ್ನು ರದ್ದು ಮಾಡಿತು, ಅಪರಾಧವನ್ನಲ್ಲ. ಕಡೆಗೆ ಐದು ವರ್ಷದ ಆಸುಪಾಸು ಒಳಗಿದ್ದು 1994ರಲ್ಲಿ ಹೊರಬಂದ.

ನೋಡಿ, ಆ ಮೊಕದ್ದಮೆಯಲ್ಲಿ ಬೇಕರ್‌ಗೆ ಯೇಸುವಿನ ಮೇಲೆ ನಂಬಿಕೆ ಇತ್ತೋ ಇಲ್ಲವೋ ಎಂಬುದು ಯಾರಿಗೂ ಬೇಕಾಗಲಿಲ್ಲ. ಕೋಣೆ ಎಷ್ಟು, ರಸೀದಿ ಎಷ್ಟು, ಅಷ್ಟೇ. ನನಗನ್ನಿಸುವಂತೆ ಆತ ನಂಬಿದ್ದ, ಈಗಲೂ ನಂಬುತ್ತಾನೆ. ಜೈಲಿನಲ್ಲಿ ಬೈಬಲನ್ನು ಮೊದಲಿಂದ ಕೂತು ಓದಿ, ಐಶ್ವರ್ಯದ ಬಗ್ಗೆ ತಾನು ಇಷ್ಟು ದಿನ ಯೇಸು ಹೇಳಿದ್ದಕ್ಕೆ ತದ್ವಿರುದ್ಧ ಬೋಧಿಸಿದೆ ಎಂದು ಒಪ್ಪಿಕೊಂಡು 1996ರಲ್ಲಿ ದಪ್ಪ ಪುಸ್ತಕವನ್ನೇ ಬರೆದ. ಇದು ನಟನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದೇ ಮನುಷ್ಯ ಮಿಸೌರಿಗೆ ಹೋಗಿ ಮತ್ತೆ ಟೀವಿ ಶುರು ಮಾಡಿ, ಲೋಕ ಮುಳುಗುವ ಕಾಲಕ್ಕೆ ಎಂದು ಬಕೆಟ್‌ಗಟ್ಟಲೆ ಒಣ ಆಹಾರ ಮಾರಿದ. 2020ರಲ್ಲಿ ಕೊರೊನಾ ಬಂದಾಗ ಅವನ ಕಾರ್ಯಕ್ರಮದಲ್ಲಿ ಅದಕ್ಕೆ ಮದ್ದು ಎಂಬಂತೆ ಬೆಳ್ಳಿಯ ದ್ರಾವಣ ಮಾರಿದ್ದಕ್ಕೆ ಆ ರಾಜ್ಯ ಮೊಕದ್ದಮೆ ಹೂಡಿ, ಮರುವರ್ಷ 1,56,000 ಡಾಲರ್ ಕೊಂಡವರಿಗೆ ವಾಪಸ್ ಕೊಡಿಸಿತು. ಪಶ್ಚಾತ್ತಾಪವೂ ಪ್ರಾಮಾಣಿಕ, ಬಕೆಟ್ಟೂ ಪ್ರಾಮಾಣಿಕ. ಎರಡೂ ಒಂದೇ ಎದೆಯಲ್ಲಿ ಇರಬಹುದು.

ಪಾಲುದಾರರಿಗೆ ಸಿಕ್ಕಿದ್ದು? ವರ್ಷಗಟ್ಟಲೆ ಕೋರ್ಟು ಸುತ್ತಿ, ವಕೀಲರ ಪಾಲು ಕಳೆದು, 2003ರಲ್ಲಿ ತಲಾ 6 ಡಾಲರ್ 54 ಸೆಂಟಿನ ಚೆಕ್.

ಪ್ರಾಮಾಣಿಕತೆಯನ್ನು ನಂಬಿ ಕೂರಬಾರದು ಎಂದು ಚೆನ್ನಾಗಿ ತಿಳಿದಿದ್ದವರು ಒಬ್ಬ ಪಾದ್ರಿಯೇ. ಬಿಲ್ಲಿ ಗ್ರಹಾಂ, ಇದೇ ಷಾರ್ಲಟ್‌ನ ಹಾಲು ಕರೆಯುವ ಮನೆಯ ಹುಡುಗ. ಅವರ ರಾಜಕೀಯದ ಬಗ್ಗೆ ನನಗೆ ತಕರಾರುಗಳಿವೆ, ಅದು ಬೇರೆ ಮಾತು. 1950ರಲ್ಲಿ ಅಟ್ಲಾಂಟಾದಲ್ಲಿ ವಾರಗಟ್ಟಲೆ ಸಭೆ ನಡೆಸಿ ಹೊರಟಾಗ ಅಲ್ಲಿನ ಪತ್ರಿಕೆ ಅಕ್ಕಪಕ್ಕ ಎರಡು ಚಿತ್ರ ಹಾಕಿತು: ಒಂದರಲ್ಲಿ ನಗುತ್ತ ಕೈಬೀಸುತ್ತಿರುವ ಗ್ರಹಾಂ, ಇನ್ನೊಂದರಲ್ಲಿ ಕಾಣಿಕೆಯ ಹಣ ತುಂಬಿದ ಮೂಟೆಗಳು. ಪಕ್ಕಪಕ್ಕ ಇಟ್ಟದ್ದಷ್ಟೇ, ಬೇರೆ ಮಾತು ಬೇಕಾಗಲಿಲ್ಲ. ಗ್ರಹಾಂಗೆ ಅದು ಚುಚ್ಚಿತು. ಕಾಣಿಕೆಯ ಮೇಲೆ ಬದುಕುವ ಪದ್ಧತಿ ನಿಲ್ಲಿಸಿ, ಮಂಡಲಿಯೊಂದು ನಿಗದಿ ಮಾಡುವ ಸಂಬಳಕ್ಕೆ ಬಂದರು. ತಮ್ಮ ಕೈಯನ್ನು ತಾವೇ ಕಟ್ಟಿಸಿಕೊಂಡರು ಎನ್ನಿ.

ಹಾಗಾಗಿ ನಾನು ಯಾವ ಪಾದ್ರಿಯ ವಿಷಯ ಬಂದರೂ ಕೇಳುವುದು ಒಂದನ್ನೇ: ಈತನಿಗೆ ‘ಆಗುವುದಿಲ್ಲ ಸ್ವಾಮಿ’ ಎನ್ನುವ ಅಧಿಕಾರ ಯಾರಿಗಿದೆ? ಮಂಡಲಿಯಲ್ಲಿ ಹೆಂಡತಿ, ಮಗ, ಅಳಿಯ, ಬಾಲ್ಯ ಸ್ನೇಹಿತ ಇದ್ದರೆ ಅದು ಮಂಡಲಿಯಲ್ಲ, ಹಬ್ಬದ ಊಟ. ಲೆಕ್ಕ ತೋರಿಸುತ್ತಾರಾ ಎಂಬುದು ಅದರ ಬೆನ್ನಿಗೇ ಬರುತ್ತದೆ. ಇಲ್ಲಿ ಕಾನೂನಿನ ದೊಡ್ಡ ತೂತು ಇದೆ. ತೀರಾ ಚಿಕ್ಕವನ್ನು ಬಿಟ್ಟರೆ ಊರಿನ ಅನಾಥಾಲಯವೂ ಪ್ರತಿವರ್ಷ ಐಆರ್‌ಎಸ್‌ಗೆ, ಅಂದರೆ ತೆರಿಗೆ ಇಲಾಖೆಗೆ, ಫಾರ್ಮ್ 990 ಕೊಡಬೇಕು. ಅಧ್ಯಕ್ಷರ ಸಂಬಳ ಎಷ್ಟು ಎಂದು ಯಾರು ಬೇಕಾದರೂ ಅದರಲ್ಲಿ ನೋಡಬಹುದು. ‘ಚರ್ಚ್’ ಎಂದು ಗುರುತಾದರೆ ಅದೂ ಬೇಡ. ನೂರಾರು ಕೋಟಿ ಬಂದರೂ ಸಾರ್ವಜನಿಕರಿಗೆ ಒಂದು ಹಾಳೆ ತೋರಿಸಬೇಕಿಲ್ಲ. ನಮ್ಮ ಮುಜರಾಯಿ ದೇವಸ್ಥಾನಗಳಲ್ಲಿ ಹುಂಡಿ ಒಡೆಯುವ ದಿನ ಅಧಿಕಾರಿಗಳ ಎದುರಿಗೇ ನೆಲದ ಮೇಲೆ ಸುರಿದು ಎಣಿಸುತ್ತಾರೆ, ಎಷ್ಟು ಬಂತು ಎಂದು ಮರುದಿನ ಪೇಪರಿನಲ್ಲಿ ಬರುತ್ತದೆ. ಆ ವ್ಯವಸ್ಥೆಗೆ ಅದರದೇ ಜಗಳಗಳಿವೆ, ಗೊತ್ತು. ಆದರೆ ಮೊತ್ತವಾದರೂ ತಿಳಿಯುತ್ತದಲ್ಲ.

2007ರಲ್ಲಿ ಅಯೋವಾದ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಇಂಥ ಆರು ಸಂಸ್ಥೆಗಳಿಗೆ ಲೆಕ್ಕ ಕೊಡಿ ಎಂದು ಪತ್ರ ಬರೆದರು. ಪೂರ್ತಿ ಸಹಕರಿಸಿದವರು ಇಬ್ಬರು, ಜಾಯ್ಸ್ ಮೇಯರ್ ಮತ್ತು ಬೆನ್ನಿ ಹಿನ್. 2011ರಲ್ಲಿ ವರದಿ ಬಂತು, ದಂಡ ಯಾರಿಗೂ ಬೀಳಲಿಲ್ಲ. ಬೆನ್ನಿ ಹಿನ್ ಹೆಸರು ಬೆಂಗಳೂರಿನವರಿಗೆ ನೆನಪಿರಬೇಕು. 2005ರ ಜನವರಿಯಲ್ಲಿ ಜಕ್ಕೂರು ವಿಮಾನ ನೆಲೆಯಲ್ಲಿ ಮೂರು ದಿನ ಸಭೆ ನಡೆಸಿದವರು. ಆಗ ಎದ್ದ ಗಲಾಟೆ ಬಹುಪಾಲು ಮತಾಂತರದ್ದು. ಅದೇ ಹಿನ್ 2019ರಲ್ಲಿ, ಸುವಾರ್ತೆಗೆ ಬೆಲೆ ಕಟ್ಟುವುದು ದೇವರಿಗೆ ಮಾಡುವ ಅಪಚಾರ, ಇನ್ನು ಮೇಲೆ ಸಾವಿರ ಡಾಲರ್ ಬೀಜ ಹಾಕಿ ಎಂದು ಕೇಳುವುದಿಲ್ಲ ಎಂದರು. ಕ್ರೆಫ್ಲೋ ಡಾಲರ್ 2022ರಲ್ಲಿ, ಆದಾಯದ ಹತ್ತನೇ ಒಂದು ಪಾಲು ಕೊಡಲೇಬೇಕೆಂದು ತಾವು ಬೋಧಿಸಿದ್ದು ಸರಿಯಲ್ಲ, ಆ ವಿಷಯದ ನನ್ನ ಪುಸ್ತಕಗಳನ್ನು ಬಿಸಾಡಿ ಎಂದರು. ಕ್ಷಮೆ ಮಾತ್ರ ಕೇಳುವುದಿಲ್ಲವಂತೆ, ಆ ದಾರಿಯಲ್ಲಿ ಹೋಗದಿದ್ದರೆ ಈ ಅರಿವು ಬರುತ್ತಿರಲಿಲ್ಲವಂತೆ. ಅವರ ಅರಿವಿನ ಶುಲ್ಕ ಕಟ್ಟಿದವರು ಯಾರು ಎಂದು ನೀವೇ ಯೋಚಿಸಿ.

ಈಗ ನಿಮ್ಮ ಅಜ್ಜಿ. ದಯವಿಟ್ಟು ಈ ಮೇಲಿನದ್ಯಾವುದನ್ನೂ ಅವರಿಗೆ ಹೇಳಬೇಡಿ. ಜೆಟ್ ಇರುವುದು ಅವರಿಗೂ ಗೊತ್ತು, ಬಹುಶಃ ಅದಕ್ಕೂ ಒಂದು ಚೆಕ್ ಕೊಟ್ಟಿರುತ್ತಾರೆ. ಬೇರೆ ಧರ್ಮದ, ಬೇರೆ ದೇಶದ ನೀವು ಹೋಗಿ ಅವರ ಪಾದ್ರಿ ಕಳ್ಳ ಎಂದರೆ, ಪರೀಕ್ಷೆ ಬರುತ್ತದೆ ಎಂದು ಪಾದ್ರಿ ಹೇಳಿದ್ದು ನಿಜವಾಯಿತು ಎಂದುಕೊಳ್ಳುತ್ತಾರೆ.

ಕೆಲವು ವರ್ಷದ ಹಿಂದೆ ಒಬ್ಬ ವೃದ್ಧೆಯ ತೆರಿಗೆ ಕಾಗದ ಮಾಡಿಕೊಡಲು ಅವರ ಮನೆಗೇ ಹೋಗಿದ್ದೆ. ದಾನದ ರಸೀದಿ ಕೊಡಿ ಎಂದಾಗ ಬೂಟಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ರಸೀದಿಗಿಂತ ಜಾಸ್ತಿ ಕಾಗದಗಳಿದ್ದವು. ಒಂದರಲ್ಲಿ ಅಂಗೈ ಅಗಲದ ಹಸಿರು ಬಟ್ಟೆ ತುಂಡು, ರಾತ್ರಿ ದಿಂಬಿನಡಿ ಇಟ್ಟು ಬೆಳಿಗ್ಗೆ ಕಾಣಿಕೆಯ ಜತೆ ವಾಪಸ್ ಕಳಿಸಬೇಕಂತೆ. ಪತ್ರ ‘ಪ್ರಿಯ ಭಕ್ತರೇ’ ಎಂದು ಶುರುವಾಗಲಿಲ್ಲ. ಅವರ ಹೆಸರು ಹಿಡಿದು, ಕೈಬರಹದಂತೆ ಕಾಣುವ ನೀಲಿ ಅಕ್ಷರದಲ್ಲಿ, ಮಂಡಿ ನೋವು ಈಗ ಹೇಗಿದೆ ಎಂದು ಕೇಳಿತ್ತು. ಹಿಂದಿನ ತಿಂಗಳ ಪ್ರಾರ್ಥನೆ ಚೀಟಿಯಲ್ಲಿ ಅವರೇ ಬರೆದದ್ದನ್ನು ಕಂಪ್ಯೂಟರ್ ಎತ್ತಿಕೊಂಡಿತ್ತು ಎಂದು ನನಗೆ ತಿಳಿಯಿತು. ಅವರಿಗೂ ತಿಳಿದಿತ್ತೇನೋ. “ನನ್ನ ಮಗ ಕೇಳುವುದಿಲ್ಲ ಇದನ್ನು” ಎಂದರು, ಬೈಯುವ ಧಾಟಿಯಲ್ಲಲ್ಲ, ಲೆಕ್ಕ ಒಪ್ಪಿಸುವವರ ಹಾಗೆ. ಆ ವರ್ಷ ಅವರು ಕೊಟ್ಟದ್ದು 2,140 ಡಾಲರ್. ನಾನು ಫಾರ್ಮ್ ತುಂಬಿಸಿಕೊಟ್ಟು ಬಂದೆ, ಒಂದು ಮಾತೂ ಆಡಲಿಲ್ಲ. ಅದು ಸರಿಯೋ ತಪ್ಪೋ ಈಗಲೂ ತೀರ್ಮಾನವಾಗಿಲ್ಲ.

ನೀವು ನನಗಿಂತ ಹತ್ತಿರದವರು. ಔಷಧಿ ತಪ್ಪುತ್ತಿದೆಯಾ, ಕರೆಂಟ್ ಬಿಲ್ ಉಳಿಯುತ್ತಿದೆಯಾ ಎಂಬುದನ್ನು ಮೊದಲು ಗಮನಿಸಿ. ಅಂಥದ್ದು ಕಂಡರೆ ಮಕ್ಕಳ ನಂಬರ್ ಹುಡುಕಿ ಫೋನ್ ಮಾಡಿ; ಮಕ್ಕಳಿಲ್ಲದಿದ್ದರೆ ವೃದ್ಧರ ದೂರು ನೋಡುವ ವಿಭಾಗ ಟೆಕ್ಸಾಸ್ ಸರ್ಕಾರದಲ್ಲೇ ಇದೆ. ಹೊಟ್ಟೆಬಟ್ಟೆಗೆ ತೊಂದರೆ ಇಲ್ಲದೆ ಕೊಡುತ್ತಿದ್ದರೆ ಅದು ಅವರ ದುಡ್ಡು. ಮಾತಿಗೆ ಬಂದಾಗ ಒಂದನ್ನು ಮಾತ್ರ ಕೇಳಿ, ಆರೋಪದ ದನಿ ಇಲ್ಲದೆ: ಆ ಸಂಸ್ಥೆಯವರು ವರ್ಷದ ಲೆಕ್ಕ ಕಳಿಸುತ್ತಾರಾ? ಇಲ್ಲ ಎಂದರೆ, ಒಂದು ಕಾರ್ಡು ಬರೆದು ಕೇಳೋಣ ಬನ್ನಿ ಎಂದು ಜತೆಗೆ ಕೂತು ಬರೆಸಿ, ಅಂಚೆಚೀಟಿ ನಿಮ್ಮದು. ಉತ್ತರವಾಗಿ ಲೆಕ್ಕ ಬರುತ್ತದೋ ಇನ್ನೊಂದು ಹಸಿರು ಬಟ್ಟೆ ಬರುತ್ತದೋ ಅವರೇ ಒಡೆದು ನೋಡಲಿ. ಆದರೆ ಇದು ಮೂರನೆಯದೋ ನಾಲ್ಕನೆಯದೋ ಭೇಟಿಗೆ. ಮೊದಲ ಸಲ ಹೋದಾಗ ಮಂಡಿ ಹೇಗಿದೆ ಎಂದು ಕೇಳಿ ಬನ್ನಿ.